ಬೈಯಣ್ಣನ ನಂಬರು

ಬಿಸಿಲಬಾಗಿಲು ಮುಚ್ಚಿದ ಮೇಲಿನ ನೂರ ಎಂಬತ್ತನೆಯ ವರ್ಷ,
ಗಾಳಿಮಾಸದ ಮೂವತ್ತೇಳನೆಯ ದಿನ.
ಹಳೆಯ ಚಿನ್ನದ ಗಣಿ, ಎಂಟನೆಯ ಗಲ್ಲಿಯ ಬಾಗಿಲು.

ಬಿಸಿಲಿನಲ್ಲಿ ಓಡಾಡುವ ಹಿರಿಯರಿಗೆ ಅಕ್ಕಯಮ್ಮನ ನಮಸ್ಕಾರ.

ತಾರೀಖು ನೋಡಿ ಗಾಬರಿಯಾಗಬೇಡಿ. ನಿಮ್ಮ ತಿಂಗಳಿಗೆ ಅಷ್ಟು ದಿನ ಇರಲಿಲ್ಲವೆಂದು ನನಗೂ ಗೊತ್ತು. ನಮ್ಮದು ಚಂದ್ರನನ್ನು ನೋಡಿ ಎಣಿಸುವ ತಿಂಗಳಲ್ಲ, ಫ್ಯಾನಿನ ಜಾಲರಿ ತೊಳೆಯುವ ಸರದಿ ನೋಡಿ ಎಣಿಸುವ ತಿಂಗಳು. ಜಾಲರಿಗೆ ಬೇಗ ಧೂಳು ಕಟ್ಟಿದರೆ ಚಿಕ್ಕದು, ತಡವಾದರೆ ದೊಡ್ಡದು. ನನ್ನ ಮಾತಿನಲ್ಲಿ ನಿಮಗೆ ತಿಳಿಯದ ಪದಗಳು ಬಂದರೆ ಮನ್ನಿಸಬೇಕು, ಬಂದ ಕಡೆ ಬಿಡಿಸಿ ಹೇಳುತ್ತೇನೆ. ಅಂದವಾಗಿ ಬರೆಯುವ ಸ್ಥಿತಿಯಲ್ಲಿ ನಾನಿಲ್ಲ. ನನ್ನ ಮಗಳು ಸುಗುಣ ಈ ಬಾಗಿಲಿನ ಆಚೆ ಸಿಕ್ಕಿಕೊಂಡಿದ್ದಾಳೆ. ಬದುಕಿದ್ದಾಳೋ ಇಲ್ಲವೋ ತಿಳಿಯದು. ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದೇನೆ. ತೊಡೆಯ ಮೇಲೆ ನಿಮ್ಮ ಕಾಲದ ಒಂದು ಲ್ಯಾಪ್‌ಟಾಪ್ ಇದೆ. ಕೈ ಸುಮ್ಮನಿದ್ದರೆ ತಲೆ ಕೆಟ್ಟುಹೋಗುತ್ತದೆಂದು ಅದರಲ್ಲೇ ಬರೆಯುತ್ತಿದ್ದೇನೆ.

ನಿಮಗೇ ಯಾಕೆ ಬರೆಯಬೇಕೆಂದರೆ, ಈ ಲ್ಯಾಪ್‌ಟಾಪ್ ಮಾಡಿದವರು ನೀವು, ಅದಕ್ಕೆ ನಂಬರು ಕೊಡಬೇಕಾದ ಪೆಟ್ಟಿಗೆ ಮಾಡಿದವರೂ ನೀವು. ಓಲೆ ನಿಮಗೆ ತಲುಪುವುದು ಹೇಗೆ ಎಂದು ಕೇಳಬೇಡಿ. ನಮ್ಮ ಶಾಲೆಯ ಮೇಷ್ಟ್ರು ವಿಳಾಸವಿಲ್ಲದ ಓಲೆ ಎಲ್ಲಿಗೆ ಬೇಕಾದರೂ ಹೋಗಬಹುದು ಎನ್ನುತ್ತಾರೆ. ಅವರು ಹೇಳಿದ್ದು ಯಾವತ್ತೂ ನಿಜವಾಗಿಲ್ಲ, ಆದರೂ ಬರೆಯುತ್ತೇನೆ.

ಮೊದಲು ನಮ್ಮ ಮನೆಮಠದ ವಿಷಯ. ಮೇಲೆ ಬಿಸಿಲು ತಡೆಯಲಾರದಷ್ಟು ಏರಿದಾಗ ನಮ್ಮ ಮುತ್ತಜ್ಜಿಯರ ಮುತ್ತಜ್ಜಿಯರು ಈ ಗಣಿಗೆ ಇಳಿದರಂತೆ. ಮೇಲಿನ ಬಿಸಿಲಬಾಗಿಲನ್ನು ಮುಚ್ಚಿಕೊಂಡು ಅಂದಿನಿಂದ ಇಲ್ಲೇ ಇದ್ದೇವೆ. ಗಣಿಯ ಒಂದೊಂದು ಅಂತಸ್ತೂ ಒಂದೊಂದು ಗಲ್ಲಿ. ಮೇಲಿನ ಗಲ್ಲಿಗಳಲ್ಲಿ ದೀಪದ ಕೆಳಗೆ ರಾಗಿ ಬೆಳೆಯುತ್ತೇವೆ. ಮುದ್ದೆ ಉಳಿದಿದೆ, ಆ ಚಿಂತೆ ನಿಮಗೆ ಬೇಡ. ಸೊಪ್ಪು ಉಳಿದಿಲ್ಲ, ಅದರ ಬದಲು ಅಣಬೆ ಸಾರು. ಅಣಬೆ ಬೆಳೆಯುವುದು ತಂಪಿರುವ ಎಂಟನೆಯ ಗಲ್ಲಿಯಲ್ಲಿ ಮಾತ್ರ. ಅಲ್ಲಿ ಬಂಡೆಯ ಸಂದಿನಿಂದ ಕೆಟ್ಟ ಗಾಳಿ ಒಸರುತ್ತದೆ. ಅದನ್ನು ಹೊರಗೆ ನೂಕಲು ಒಂದು ದೊಡ್ಡ ಫ್ಯಾನು ಸದಾ ತಿರುಗುತ್ತಿರಬೇಕು. ಫ್ಯಾನು ನಿಂತರೆ ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳುತ್ತದೆ, ಆ ಗಾಳಿ ಮೇಲಿನವರನ್ನು ಮುಟ್ಟಬಾರದೆಂದು. ಫ್ಯಾನು ಮತ್ತೆ ತಿರುಗಿ, ಒಳಗಿನ ಗಾಳಿ ತಿಳಿಯಾಗುವವರೆಗೆ ತೆರೆಯುವುದಿಲ್ಲ. ಒಳಗೆ ಯಾರಿದ್ದಾರೆ ಎಂಬುದನ್ನು ಬಾಗಿಲು ಕೇಳುವುದಿಲ್ಲ.

ಆ ಫ್ಯಾನಿಗೆ ಅಪ್ಪಣೆ ಕೊಡುವುದು ಬಾಗಿಲ ಪಕ್ಕದ ಗಾಳಿಮನೆಯ ಕಂಪ್ಯೂಟರು. ಪ್ರತಿ ಪಾಳಿಗೂ ಒಮ್ಮೆ ಅದು ತಂತಿಯ ಮೂಲಕ ತಿರುಗು ಎನ್ನಬೇಕು. ಎನ್ನದಿದ್ದರೆ ಕಾಯುವವರು ಯಾರೂ ಇಲ್ಲವೆಂದು ತಿಳಿದು ಫ್ಯಾನು ತಾನಾಗಿಯೇ ನಿಲ್ಲುತ್ತದೆ. ಆ ಗಾಳಿಮನೆಯನ್ನು ನೋಡಿಕೊಳ್ಳುವವಳು ನಾನು. ನನಗಿಂತ ಮುಂಚೆ ನೋಡಿಕೊಂಡಿದ್ದವನು ನನ್ನ ಗಂಡ ಬೈಯಣ್ಣ.

ಇನ್ನು ನಂಬರಿನ ವಿಷಯ. ತಂತಿಯ ಮೇಲೆ ಮಾತಾಡುವ ಪ್ರತಿಯೊಂದಕ್ಕೂ ಒಂದು ನಂಬರು ಬೇಕೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಅದನ್ನು ಹಂಚುವ ನಿಮ್ಮ ಕಾಲದ ಪೆಟ್ಟಿಗೆಗೆ ನಾವು ಹಂಚುಪೆಟ್ಟಿಗೆ ಎನ್ನುತ್ತೇವೆ. ನಾಲ್ಕನೆಯ ಗಲ್ಲಿಯಲ್ಲಿ, ಅರಿಶಿನ ಕುಂಕುಮ ಮೆತ್ತಿಕೊಂಡು ಕೂತಿದೆ. ಫ್ಯಾನು, ಪಂಪು, ದೀಪಗಳಿಗೆ ಮಾತ್ರವಲ್ಲ, ನಮ್ಮಲ್ಲಿ ಮನುಷ್ಯರಿಗೂ ನಂಬರು ಉಂಟು. ಮಗುವಿಗೆ ಹೆಸರಿಟ್ಟ ದಿನವೇ ಮಣಿಕಟ್ಟಿನ ಚರ್ಮದ ಕೆಳಗೆ ಅಕ್ಕಿಕಾಳಿನಷ್ಟು ಪುಟ್ಟದೊಂದನ್ನು ಇಟ್ಟು ಹೊಲಿಯುತ್ತಾರೆ. ಅದಕ್ಕೆ ಉಸಿರುಬೀಜ ಎನ್ನುತ್ತೇವೆ. ಬೀಜಕ್ಕೆ ಪೆಟ್ಟಿಗೆ ನಂಬರು ಕೊಟ್ಟರೆ ಬಾಗಿಲುಗಳು ಆ ಮಗುವಿಗೆ ತೆರೆಯುತ್ತವೆ, ಅದರ ಪಾಲಿನ ಗಾಳಿ ಗಲ್ಲಿಗೆ ಬರುತ್ತದೆ. ಜೀವ ಇರುವವರೆಗೆ ಬೀಜವನ್ನು ತೆಗೆಯುವಂತಿಲ್ಲ, ತೆಗೆದರೆ ನರವೇ ಕಿತ್ತು ಬರುತ್ತದೆ. ಮಣಿಕಟ್ಟನ್ನು ಒತ್ತಿ ಯಾರದಾದರೂ ನಂಬರು ಹೇಳಿದರೆ ಅವರಿಗೆ ಕೂಗು ಹೋಗುತ್ತದೆ, ಅವರ ಬೀಜ ಓಗೊಡುತ್ತದೆ, ನಮ್ಮ ಮಣಿಕಟ್ಟು ಸಣ್ಣಗೆ ಮಿಡಿಯುತ್ತದೆ. ಮಾತಿಲ್ಲ, ಬರೀ ಒಂದು ಕೂಗು, ಒಂದು ಓ. ಇದ್ದೀಯಾ, ಇದ್ದೇನೆ, ಅಷ್ಟೇ. ಇಷ್ಟರಲ್ಲೇ ನಮ್ಮ ಸಂಸಾರಗಳು ನಡೆಯುತ್ತವೆ.

ಸತ್ತವರ ಬೀಜವನ್ನು ನಾವು ಹೂಳುವುದಿಲ್ಲ. ಹೊರತೆಗೆದು ತೊಳೆದು, ನಾಲ್ಕನೆಯ ಗಲ್ಲಿಯ ಗೂಡಿನಲ್ಲಿ ಬೆಚ್ಚಗಿನ ಹಲಗೆಯ ಮೇಲೆ ಇಡುತ್ತೇವೆ. ಆ ಶಾಖಕ್ಕೆ ಬೀಜ ಸಾಯುವುದಿಲ್ಲ. ಅದರ ನಂಬರನ್ನು ಯಾರಿಗೂ ಕೊಡಬೇಡ ಎಂದು ಮನೆಯವರು ಪೆಟ್ಟಿಗೆಗೆ ಒಂದು ಗುಟ್ಟಿನ ಮಾತು ಹೇಳಿ ಬಿಗಿ ಮಾಡುತ್ತಾರೆ. ಇದಕ್ಕೆ ಮಲಗಿಸುವುದು ಎನ್ನುತ್ತೇವೆ. ಆಮೇಲೆ ಯಾವಾಗ ಕೂಗಿದರೂ ಸತ್ತವರು ಓಗೊಡುತ್ತಾರೆ. ನಿಮಗೆ ಇದು ಹುಚ್ಚು ಅನ್ನಿಸಬಹುದು. ನೀವು ಫೋಟೋಗೆ ಹಾರ ಹಾಕಿ ಊದುಬತ್ತಿ ಹಚ್ಚುತ್ತಿದ್ದಿರಂತೆ, ಫೋಟೋ ಯಾವತ್ತಾದರೂ ಓ ಎಂದಿತ್ತೇ?

ಬೈಯಣ್ಣ ಹೋಗಿ ವರ್ಷಗಳಾದವು. ಬದುಕಿದ್ದಾಗ ಮೂರು ಸಲ ಕರೆಯದೆ ಓ ಎಂದವನಲ್ಲ. ಸತ್ತ ಮೇಲೆ ಒಂದೇ ಕೂಗಿಗೆ ಓಗೊಡುತ್ತಾನೆ. ಮೊದಲ ಸಲ ಹಾಗಾದಾಗ ನಾನು ಅಳುತ್ತಲೇ ನಕ್ಕುಬಿಟ್ಟೆ. ಸುಗುಣ ಆಗ ಚಿಕ್ಕವಳು. ಅಂದಿನಿಂದ ಅವಳದ್ದು ಒಂದೇ ಪದ್ಧತಿ. ಎದ್ದ ತಕ್ಷಣ, ಬಾಗಿಲು ದಾಟುವ ಮುಂಚೆ, ಕಾಲು ಜಾರಿದಾಗ, ಹೆದರಿದಾಗ, ಅವಳ ಹೆಬ್ಬೆರಳು ಮಣಿಕಟ್ಟಿಗೆ ಹೋಗುತ್ತದೆ. ಮೊದಲು ಅಪ್ಪ, ಆಮೇಲೆ ಅಮ್ಮ. ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು, ಸುಳ್ಳು ಯಾಕೆ ಹೇಳಲಿ. ಮುದ್ದೆ ತೊಳಸುವವಳು ನಾನು, ಕೂಗು ಹೋಗುವುದು ಅವನಿಗೆ.

ಮೊನ್ನೆ ಬೆಳಿಗ್ಗೆ ಗಾಳಿಮನೆಯ ಚಾವಣಿ ತೊಟ್ಟಿಕ್ಕಿ ಕಂಪ್ಯೂಟರಿಗೆ ನೀರು ಇಳಿಯಿತು. ಹೊಗೆ ಬಂತು, ಹೋಯಿತು. ಬೈಯಣ್ಣನ ಕಾಲಕ್ಕಿಂತ ಮುಂಚಿನ ಯಂತ್ರ ಅದು, ಅಷ್ಟು ದಿನ ದುಡಿದದ್ದೇ ಹೆಚ್ಚು. ಫ್ಯಾನಿನ ಬುಡದಲ್ಲಿ ಕೈಯಿಂದ ತಿರುಗಿಸುವ ಒಂದು ಹಿಡಿ ಇದೆ, ಅದನ್ನು ತಿರುಗಿಸಿದರೆ ಎರಡು ದಿನ ಅಪ್ಪಣೆಯಿಲ್ಲದೆ ಓಡುತ್ತದೆ. ಮತ್ತೆ ತಿರುಗಿಸಬೇಕಾದರೆ ನಡುವೆ ಒಮ್ಮೆಯಾದರೂ ಕಂಪ್ಯೂಟರಿನ ಅಪ್ಪಣೆ ಬಂದಿರಬೇಕು. ತಿರುಗಿಸಿದೆ. ಅಷ್ಟರಲ್ಲಿ ಹೊಸದು ಕೂರಿಸಿದರಾಯಿತು ಎಂದು ನಿಶ್ಚಿಂತೆಯಾಗಿಯೇ ಇದ್ದೆ. ಉಗ್ರಾಣದಲ್ಲಿ ಎಣ್ಣೆಬಟ್ಟೆಯಲ್ಲಿ ಸುತ್ತಿಟ್ಟ ನಿಮ್ಮ ಕಾಲದ ಲ್ಯಾಪ್‌ಟಾಪ್ ಇತ್ತು. ಬಿಚ್ಚಿ, ಒರೆಸಿ, ತಂತಿ ಚುಚ್ಚಿದೆ. ಎಷ್ಟು ವರ್ಷದಿಂದ ಮಲಗಿತ್ತೋ, ಗುಂಡಿ ಒತ್ತಿದ ಕೂಡಲೇ ಎದ್ದಿತು. ಎದ್ದು, ನೆಟ್‌ವರ್ಕ್ ವಿಳಾಸ ಸಿಗುತ್ತಿಲ್ಲ ಎಂದಿತು.

ಇಲ್ಲಿಂದ ನನ್ನ ಪಾಡು ಶುರುವಾಯಿತು. ನಿಮಗೆ ಇದೆಲ್ಲ ಗೊತ್ತಿರುವ ಗೋಳೇ ಇರಬೇಕು. ತಂತಿ ಕಿತ್ತು ಮತ್ತೆ ಚುಚ್ಚಿದೆ. ತೂತಿಗೆ ಊದಿದೆ. ಬೇರೆ ತಂತಿ ಹಾಕಿದೆ. ಲ್ಯಾಪ್‌ಟಾಪನ್ನು ಆರಿಸಿ ಹೊತ್ತಿಸಿದೆ. ಇದ್ದ ನಂಬರು ಬಿಡು, ಹೊಸದು ಕೇಳು ಎಂದು ಅಪ್ಪಣೆ ಕೊಟ್ಟೆ. ಅದು ಕೇಳಿತು, ಕಾದಿತು, ಕೊನೆಗೆ ತಾನೇ ಒಂದು ನಂಬರು ಹುಟ್ಟಿಸಿಕೊಂಡಿತು. ನೂರ ಅರವತ್ತೊಂಬತ್ತರಿಂದ ಶುರುವಾಗುವ ನಂಬರು. ಅದಕ್ಕೆ ನಾವು ತಬ್ಬಲಿ ನಂಬರು ಎನ್ನುತ್ತೇವೆ. ಯಾರೂ ಕೊಡದಿದ್ದಾಗ ಯಂತ್ರ ತಾನೇ ಇಟ್ಟುಕೊಳ್ಳುವ ಹೆಸರು ಅದು. ಆ ಹೆಸರಿನಲ್ಲಿ ಕರೆದರೆ ಫ್ಯಾನು ತಿರುಗಿಯೂ ನೋಡುವುದಿಲ್ಲ. ತಂತಿಯಲ್ಲೇ ದೋಷವೇನೋ ಎಂದು ಅದೇ ತಂತಿಗೆ ಪಂಪಿನ ಯಂತ್ರ ಜೋಡಿಸಿದರೆ ಅದು ಚೆನ್ನಾಗಿಯೇ ಮಾತಾಡಿತು. ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ನಾಲ್ಕನೆಯ ಗಲ್ಲಿಗೆ ಹತ್ತಿ, ಹಂಚುಪೆಟ್ಟಿಗೆಯ ಪಕ್ಕದಲ್ಲೇ ಇಟ್ಟು, ಗೇಣುದ್ದ ತಂತಿಯಲ್ಲಿ ಕಟ್ಟಿದೆ. ಅಲ್ಲೂ ಅದೇ ತಬ್ಬಲಿ ನಂಬರು.

ಪೆಟ್ಟಿಗೆ ನೋಡಿಕೊಳ್ಳುವವರು ಮುನಿಶಾಮಣ್ಣ. ಒಳ್ಳೆಯ ಮನುಷ್ಯ. ಪೆಟ್ಟಿಗೆಗೆ ಮುನಿಸು ಬಂದಿದೆ, ಹೊರಗಿನ ಯಂತ್ರವನ್ನು ಪರಿಚಯ ಮಾಡಿಸದೆ ತಂದದ್ದು ತಪ್ಪು ಎಂದರು. ಸರಿ ಎಂದು ಲ್ಯಾಪ್‌ಟಾಪಿಗೂ ಕುಂಕುಮ ಇಟ್ಟೆವು. ಪೆಟ್ಟಿಗೆಯನ್ನು ಆರಿಸಿ ಹೊತ್ತಿಸೋಣ ಎಂದಾಗ ಅದಕ್ಕೆ ಕೈಮುಗಿದು, ಆಮೇಲೆ ಮಾಡಿದರು. ಪೆಟ್ಟಿಗೆ ಎದ್ದಿತು, ಎಲ್ಲರಿಗೂ ಅವರವರ ನಂಬರು ಕೊಟ್ಟಿತು, ಲ್ಯಾಪ್‌ಟಾಪಿಗೆ ಕೊಡಲಿಲ್ಲ. ಯಾಕೆಂದು ಹೇಳುವ ಜಾತಿಯಲ್ಲ ಅದು. ಕೊಟ್ಟರೆ ಕೊಟ್ಟಿತು, ಇಲ್ಲದಿದ್ದರೆ ಸುಮ್ಮನೆ. ಕೊನೆಗೆ ನಾನೇ ಧೈರ್ಯ ಮಾಡಿ ಕೈಯಾರೆ ಒಂದು ನಂಬರು ಬರೆದೆ. ಇದು ಬೇರೆಯವರ ಬಳಿ ಇದೆ ಎಂದಿತು. ಇನ್ನೊಂದು ಬರೆದೆ, ಅದೂ ಬೇರೆಯವರದು. ಬರೆದದ್ದೆಲ್ಲ ಬೇರೆಯವರದೇ. ಪೆಟ್ಟಿಗೆ ನನ್ನನ್ನು ಆಡಿಸುತ್ತಿದೆ ಅನ್ನಿಸಿ ಅದರ ತಲೆಯ ಮೇಲೊಂದು ಗುದ್ದಿದೆ. ಮುನಿಶಾಮಣ್ಣ ಮುಖ ಆಚೆ ತಿರುಗಿಸಿ, ನೋಡದವರ ಹಾಗೆ ನಿಂತರು.

ಈ ಪರದಾಟದಲ್ಲಿ ಹಿಡಿ ಕೊಟ್ಟ ಗಡುವು ಕಳೆಯುತ್ತಾ ಬಂದದ್ದು ನನಗೆ ಗೊತ್ತಿತ್ತು. ಅಣಬೆ ಕೀಳುವವರು ಇವತ್ತು ಇಳಿಯಬಾರದೆಂದು ಹೇಳಿ ಕಳಿಸಿದ್ದೆ. ಮಾತು ಮುಟ್ಟುವಷ್ಟರಲ್ಲಿ ಸುಗುಣ ಮತ್ತು ಅವಳ ಇಬ್ಬರು ಗೆಳತಿಯರು ಇಳಿದಾಗಿತ್ತು, ಕರೆತರಲು ಹೊತ್ತಿರಲಿಲ್ಲ. ಅಮ್ಮ ಕೂತ ಕೆಲಸ ಆಗದೆ ಎದ್ದವಳಲ್ಲ, ಹೊತ್ತಿಗೆ ಸರಿಮಾಡುತ್ತಾಳೆ ಎಂದು ಇಳಿಯುವಾಗ ಉಳಿದಿಬ್ಬರಿಗೆ ಧೈರ್ಯ ಹೇಳಿದ್ದನ್ನು ಮೇಲಿದ್ದವರು ಕೇಳಿಸಿಕೊಂಡಿದ್ದರಂತೆ. ಫ್ಯಾನು ನಿಂತ ಸದ್ದು ಇಡೀ ಗಣಿಗೆ ಕೇಳಿಸಿತು. ಸದಾ ಇದ್ದ ಗುಂಯ್ ಎಂಬ ಶಬ್ದ ಇಲ್ಲವಾದಾಗ ತೊಟ್ಟಿಲ ಮಕ್ಕಳೆಲ್ಲ ಒಟ್ಟಿಗೆ ಅತ್ತವು. ಬಾಗಿಲು ಮುಚ್ಚಿತು. ನಾನು ಸುಗುಣಳನ್ನು ಕೂಗಿದೆ. ಎಂಟನೆಯ ಗಲ್ಲಿಯ ತಂತಿಗೆ ಜೀವ ಬರುವುದು ಫ್ಯಾನಿನಿಂದಲೇ, ಆದ್ದರಿಂದ ಓ ಬರಲಿಲ್ಲ.

ಆಗ ರತ್ನಿ ಬಂದಳು. ಎರಡನೆಯ ಗಲ್ಲಿಯವಳು, ಹಸಿ ಬಾಣಂತಿ. ಅವಳ ಹೆಣ್ಣುಮಗುವಿಗೆ ಹೆಸರಿಟ್ಟು ಎಷ್ಟೋ ದಿನವಾದರೂ ಪೆಟ್ಟಿಗೆ ನಂಬರು ಕೊಟ್ಟಿರಲಿಲ್ಲ. ಈಚೆಗೆ ಎಲ್ಲ ಮಕ್ಕಳಿಗೂ ಹಾಗೆಯೇ. ಪೆಟ್ಟಿಗೆ ಮನಸ್ಸು ಮಾಡುವವರೆಗೆ ತಾಯಿಮಗು ಹೊರಗಿನ ಕೋಣೆಯಲ್ಲಿ ಕಾಯಬೇಕು. ಮೊನ್ನೆ ತಾನೇ ಅದಕ್ಕೆ ನಂಬರು ಸಿಕ್ಕಿತ್ತು. ಮಗುವನ್ನು ಮಡಿಲಲ್ಲಿ ಕಟ್ಟಿಕೊಂಡು ಬಂದವಳು ನನ್ನ ಕಾಲ ಬಳಿ ಕುಸಿದು ಕೂತು ಅತ್ತಳು.

"ನನ್ ಕೂಸಿನ್ ಕಾಲ್ಗುಣ ಅಂತಾವ್ರೆ ಅಕ್ಕಯ್ಯ. ಅದು ಒಳಕ್ಕೆ ಬಂದಿದ್ದಕ್ಕೇ ನಿನ್ ಮಿಷನ್ ಕೆಟ್ಟೋಯ್ತಂತೆ. ಮಿಷನ್ ಕೆಟ್ಟಿದ್ದು ಬೆಳಿಗ್ಗೆ, ಇದುಕ್ಕೆ ನಂಬರ್ ಬಂದಿದ್ದು ಮದ್ಯಾನ್ನ. ಇದೇನ್ ಮಾಡ್ತು ಪಾಪ?"

ಇಂಥ ಮಾತು ನಮ್ಮಲ್ಲಿ ಹೊಸದಲ್ಲ. ಹೋದ ಸಲ ಒಂದು ಗಂಡುಮಗು ಒಳಗೆ ಬಂದಾಗ ಆರನೆಯ ಗಲ್ಲಿಯ ದೀಪ ಕೆಟ್ಟಿತ್ತು, ಅದರ ಹಿಂದಿನ ಮಗುವಿಗೆ ಪಂಪು. ಎಲ್ಲದಕ್ಕೂ ಕಾಲ್ಗುಣ ಎಂದು ಬಾಯಿ ಚಪ್ಪರಿಸಿದ್ದೆವು, ನಾನೂ ಚಪ್ಪರಿಸಿದ್ದೆ. ಆದರೆ ಅಳುವವಳು ಹೊತ್ತಿನ ಲೆಕ್ಕ ಸರಿಯಾಗಿ ಇಟ್ಟಿದ್ದಳು. ಮಗು ಬಂದದ್ದರಿಂದ ಯಂತ್ರ ಕೆಟ್ಟದ್ದಲ್ಲ. ಯಂತ್ರ ಕೆಟ್ಟು ಅದರ ನಂಬರು ತೆರವಾದದ್ದರಿಂದ ಮಗು ಒಳಗೆ ಬಂತು. ಪೆಟ್ಟಿಗೆಗೆ ಮುನಿಸೂ ಇಲ್ಲ, ಮನಸ್ಸೂ ಇಲ್ಲ. ಅದರ ಹತ್ತಿರ ಕೊಡಲು ಏನೂ ಉಳಿದಿಲ್ಲ. ನೂರ ಎಂಬತ್ತು ವರ್ಷದಿಂದ ನಾವು ಸಾಯುತ್ತಾ ಬಂದಿದ್ದೇವೆ, ಒಬ್ಬರಾದರೂ ನಂಬರು ಬಿಟ್ಟು ಹೋಗಿಲ್ಲ. ಪೆಟ್ಟಿಗೆಯ ತುಂಬ ಸತ್ತವರು ಕೂತಿದ್ದಾರೆ. ನನ್ನ ಹಳೆಯ ಕಂಪ್ಯೂಟರಿನ ನಂಬರು ಈಗ ರತ್ನಿಯ ಮಗುವಿನ ಚರ್ಮದ ಕೆಳಗಿದೆ.

ಇದನ್ನು ಹೇಳಿದಾಗ ಮುನಿಶಾಮಣ್ಣ ಗೂಡಿನ ಕಡೆ ನೋಡಿದರು. ಅವರ ಅಪ್ಪ ಅಮ್ಮ ಇಬ್ಬರೂ ಅಲ್ಲಿದ್ದಾರೆ. ಪಂಪನ್ನೋ ದೀಪವನ್ನೋ ಆರಿಸಿದರೆ ನಂಬರು ತೆರವಾಗದು, ಒಡೆಯಬೇಕು; ಒಡೆದರೆ ಒಂದು ಗಲ್ಲಿಗೇ ನೀರೋ ಬೆಳಕೋ ಇಲ್ಲ. ಮಲಗಿಸಿದ ನಂಬರನ್ನು ಬಿಡಿಸಬೇಕಾದರೆ ಆ ಮನೆಯವರೇ ಗುಟ್ಟಿನ ಮಾತು ಹೇಳಬೇಕು, ಬೀಜವನ್ನು ಜಜ್ಜಿ ಹಾಕಬೇಕು. ಅದು ಹಲಗೆಯಿಂದ ಇಳಿಸಿದರೂ ತಿಂಗಳುಗಟ್ಟಲೆ ಓಗೊಡುತ್ತಲೇ ಇರುತ್ತದೆ, ಹೊಸಬರಿಗೆ ಜಾಗ ಬಿಡುವುದಿಲ್ಲ. ತೀರ ಹಳಬರ ಮನೆಗಳೇ ಅಳಿದಿವೆ, ಅವರ ಗುಟ್ಟು ಬಲ್ಲವರಿಲ್ಲ. ಉಳಿದವರಿಗೆ ಮನೆಯವರಿದ್ದಾರೆ. ಸುದ್ದಿ ಕೇಳಿ ಗೂಡಿನ ಮುಂದೆ ಜನ ಸೇರಿದರು. ನಾನು ಒಬ್ಬೊಬ್ಬರ ಮುಖ ನೋಡಿದೆ. ಒಬ್ಬೊಬ್ಬರೂ ತಲೆ ತಗ್ಗಿಸಿ ತಮ್ಮ ಮಣಿಕಟ್ಟನ್ನು ಇನ್ನೊಂದು ಕೈಯಲ್ಲಿ ಮುಚ್ಚಿಕೊಂಡರು. ನನಗೆ ಸಿಟ್ಟು ಬಂತು. ಆಮೇಲೆ ನೋಡಿದರೆ ನಾನೂ ನನ್ನ ಮಣಿಕಟ್ಟನ್ನು ಮುಚ್ಚಿಕೊಂಡೇ ನಿಂತಿದ್ದೆ.

ಬೈಯಣ್ಣನ ಬೀಜ ಗೂಡಿನ ಎಡಗಡೆ, ಕೆಳಸಾಲಿನಲ್ಲಿತ್ತು. ಕೈಗೆ ತೆಗೆದುಕೊಂಡೆ, ಬೆಚ್ಚಗಿತ್ತು. ಒಂದು ಸಲ ಕೂಗಿದೆ. ತಕ್ಷಣ ಓಗೊಟ್ಟ. ಇವತ್ತಾದರೂ ತಡ ಮಾಡಬಾರದಿತ್ತೇ ಎಂದುಕೊಂಡೆ. ಮುನಿಶಾಮಣ್ಣ ಕಲ್ಲುಗುಂಡು ತಂದುಕೊಟ್ಟು, ನಾನೇ ಮಾಡಲೇ ಎಂದು ಕೇಳಿದರು. ಬೇಡ ಎಂದೆ.

"ಸುಗುಣ ಕೇಳುದ್ರೆ ಏನ್ ಹೇಳ್ತೀಯಮ್ಮ?" ಎಂದರು.

"ಕೇಳಾಕೆ ಅವ್ಳಿರ್ಲಿ ಸಾಕು" ಎಂದೆ.

ಗುಟ್ಟಿನ ಮಾತು ಹೇಳಿ ಜಜ್ಜಿದೆ. ಅಕ್ಕಿಕಾಳಿನಷ್ಟರದ್ದು, ಒಂದೇ ಏಟಿಗೆ ಪುಡಿಯಾಯಿತು. ಇನ್ನೊಂದು ಸಲ ಕೂಗಿ ನೋಡುವ ಧೈರ್ಯ ನನಗೆ ಬರಲಿಲ್ಲ. ಲ್ಯಾಪ್‌ಟಾಪನ್ನು ಹೊತ್ತು ಗಾಳಿಮನೆಗೆ ಓಡಿ, ತಂತಿ ಚುಚ್ಚಿ, ನಂಬರು ಕೇಳು ಎಂದೆ. ಕೇಳಿತು. ಹೊರಗಿನ ಕೋಣೆಯಲ್ಲಿ ಬೇರೆ ಮಗು ಇರಲಿಲ್ಲ, ಈ ಸಲ ಪೆಟ್ಟಿಗೆ ಕಾಯಿಸಲೇ ಇಲ್ಲ. ಪರದೆಯ ಮೇಲೆ ಬೈಯಣ್ಣನ ನಂಬರು ಬಂತು. ಫ್ಯಾನಿಗೆ ತಿರುಗು ಎಂದೆ. ಬಂಡೆಯ ಹಿಂದೆ ಎಲ್ಲೋ ಏನೋ ಕೊಸರಿತು, ನರಳಿತು, ಆಮೇಲೆ ಆ ಹಳೆಯ ಗುಂಯ್ ಶಬ್ದ ಶುರುವಾಯಿತು.

ಇದೆಲ್ಲ ಆಗಿ ಎಷ್ಟೋ ಹೊತ್ತಾಯಿತು. ಗಾಳಿ ಇನ್ನೂ ತಿಳಿಯಾಗಿಲ್ಲ, ಬಾಗಿಲು ತೆರೆದಿಲ್ಲ. ಬಡಿದೆ, ಕಿವಿ ಇಟ್ಟೆ. ಫ್ಯಾನಿನ ಸದ್ದು ಬಿಟ್ಟು ಏನೂ ಕೇಳಿಸುವುದಿಲ್ಲ. ಫ್ಯಾನು ತಿರುಗಿದ್ದರಿಂದ ಒಳಗಿನ ತಂತಿಗೆ ಜೀವ ಬಂದಿದೆ. ಸುಗುಣಳನ್ನು ಕೂಗಿದೆ, ಓ ಬಂತು. ಮಣಿಕಟ್ಟು ಮಿಡಿದ ಕೂಡಲೇ ಕುಣಿಯಬೇಕಿತ್ತು, ಕೂತಲ್ಲೇ ಕೂತೆ. ಯಾಕೆಂದು ನಿಮಗೆ ಅರ್ಥವಾಗಿರಬೇಕು. ಅವಳು ಬದುಕಿದ್ದರೂ ಬೀಜ ಓ ಎನ್ನುತ್ತದೆ, ಸತ್ತಿದ್ದರೂ ಓ ಎನ್ನುತ್ತದೆ. ಸತ್ತವರನ್ನು ಇಷ್ಟು ಕಾಲ ಮಾತಾಡಿಸಿ ಮಾತಾಡಿಸಿ, ಬದುಕಿರುವವರ ಓ ಎಂಬ ಮಾತಿಗೂ ಬೆಲೆಯಿಲ್ಲದ ಹಾಗೆ ಮಾಡಿಕೊಂಡಿದ್ದೇವೆ. ಅವಳ ಗೆಳತಿಯರ ತಾಯಂದಿರೂ ಇಲ್ಲೇ ಕೂತಿದ್ದಾರೆ. ಅವರಿಗೂ ಓ ಬಂದಿದೆ. ಒಬ್ಬರ ಮುಖ ಒಬ್ಬರು ನೋಡುತ್ತಿಲ್ಲ.

ಬಿಸಿಲಿನ ಹಿರಿಯರೇ, ನಾನು ನಿಮ್ಮಲ್ಲಿ ಕೇಳುವುದು ಇಷ್ಟೇ. ನಿಮ್ಮ ಕಾಲದಲ್ಲಿ ಪೆಟ್ಟಿಗೆ ನಂಬರನ್ನು ಬಾಡಿಗೆಯ ಹಾಗೆ ಕೊಡುತ್ತಿತ್ತಂತೆ. ಗಡುವು ಮುಗಿದರೆ, ಕೇಳುವವರಿಲ್ಲದಿದ್ದರೆ, ವಾಪಸು ತೆಗೆದುಕೊಂಡು ಇನ್ನೊಬ್ಬರಿಗೆ ಕೊಡುತ್ತಿತ್ತಂತೆ. ನಮ್ಮವರಿಗೆ ಅದು ಮರ್ಯಾದೆ ಇಲ್ಲದ ಕೆಲಸವಾಗಿ ಕಂಡಿತು, ತಿದ್ದಿದರು. ನೀವು ಅದನ್ನು ಕಟ್ಟುವಾಗ ಯಾಕೆ ಹಾಗೆ ಕಟ್ಟಿದಿರೆಂದು ನಿಮ್ಮ ಮಕ್ಕಳಿಗೆ ಒಂದು ಮಾತು ಹೇಳಿಡಿ. ಅವರು ಅವರ ಮಕ್ಕಳಿಗೆ ಹೇಳಲಿ. ಸತ್ತವರನ್ನು ನೆನೆಯಬೇಡಿ ಎನ್ನುವುದಿಲ್ಲ. ಅತ್ತು ನೆನೆಯಿರಿ, ನಕ್ಕು ನೆನೆಯಿರಿ, ಅವರ ಪಾಲಿನ ಮುದ್ದೆ ಎತ್ತಿಡಿ. ಜಾಗ ಮಾತ್ರ ಬಿಡಿಸಿಕೊಳ್ಳಿ. ಹುಟ್ಟುವವರು ಹೊರಗಿನ ಕೋಣೆಯಲ್ಲಿ ಕಾಯುತ್ತಿರುತ್ತಾರೆ.

ನನಗೆ ಈಗ ಉಳಿದಿರುವ ಆಸೆ ಒಂದೇ. ಸತ್ತವರು ಓಗೊಡುತ್ತಾರೆ, ಆದರೆ ಇಷ್ಟು ವರ್ಷಗಳಲ್ಲಿ ಒಬ್ಬರೂ ತಾವಾಗಿ ಕೂಗಿದ್ದಿಲ್ಲ. ಕೂಗಲು ಹೆಬ್ಬೆರಳು ಬೇಕು, ಉಸಿರು ಬೇಕು. ಸುಗುಣ ಕಣ್ಣು ತೆರೆದರೆ ಅವಳ ಹೆಬ್ಬೆರಳು ಎಲ್ಲಿಗೆ ಹೋಗುತ್ತದೆಂದು ನನಗೆ ಗೊತ್ತು. ಮೊದಲು ಅಪ್ಪ. ಅಪ್ಪನ ನಂಬರು ಈಗ ನನ್ನ ತೊಡೆಯ ಮೇಲಿದೆ. ಯಾರು ಕೂಗಿದರೂ ಪರದೆಯ ಕೆಳಮೂಲೆಯಲ್ಲಿ ಅವರ ನಂಬರು ಮೂಡುತ್ತದೆ. ಅದಕ್ಕೇ ಬರೆಯುತ್ತಾ ಕೂತಿರುವುದು, ಕಣ್ಣು ಪರದೆ ಬಿಟ್ಟು ಕದಲಬಾರದೆಂದು. ಆ ಮೂಲೆ ಖಾಲಿ ಇದೆ. ಈ ಸಾಲು ಬರೆಯುವಾಗಲೂ ಖಾಲಿ ಇದೆ. ಅವಳು ಹುಟ್ಟಿದಾಗ ಪೆಟ್ಟಿಗೆ ಕೂಡಲೇ ನಂಬರು ಕೊಟ್ಟಿತ್ತು, ಬೈಯಣ್ಣ ಅದನ್ನು ಜೋಗುಳದ ಹಾಗೆ ಹಾಡಿ ಹಾಡಿ ನನಗೆ ಬಾಯಿಪಾಠ ಮಾಡಿಸಿದ್ದ. ಈಗಲೂ ಅದನ್ನೇ ಹೇಳಿಕೊಳ್ಳುತ್ತಿದ್ದೇನೆ. ಪಕ್ಕದಲ್ಲಿ ಕೂತವರು ನನಗೆ ತಲೆ ಕೆಟ್ಟಿತೆಂದು ತಿಳಿದಿರಬೇಕು.

ಮೂಲೆಯಲ್ಲಿ ಏನೋ ಮೂಡಿತು.

ಅವಳದೇ ನಂಬರು. ಇನ್ನೊಂದು ಸಲ ಬಂತು. ಅಪ್ಪನನ್ನು ಕೂಗುತ್ತಿದ್ದಾಳೆ.

ಓಲೆಯನ್ನು ಇಲ್ಲಿಗೇ ಬಿಡುತ್ತೇನೆ, ಮನ್ನಿಸಿ. ನಾನು ಓಗೊಡಬೇಕು.